ಅಂಟುವಾಳದ ನೊರೆ

ಮಾರ್ಚ್ 3, ಭಾನುವಾರ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ನಿನ್ನ ಹೆಂಡತಿ, ಪುಟ್ಟಿ ಚೆನ್ನಾಗಿದ್ದಾರೆ ತಾನೇ? ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೆಳಿಗ್ಗೆ ಎದ್ದು ಇವತ್ತು ಬರೆದೇ ಬಿಡುತ್ತೇನೆ ಎಂದುಕೊಳ್ಳುವುದು, ಸಂಜೆ ಮನೆಗೆ ಬಂದು ಚೀಲ ಇಟ್ಟ ಕಡೆಯೇ ಕೂತುಬಿಡುವುದು, ಹೀಗೇ ದಿನ ಹೋಯಿತು. ಕೋಪ ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಮಾತಾಡಿದರೆ ಅಪ್ಪ ಪಕ್ಕದ ಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಅವರಿಗೆ ಕಿವಿ ಮಂದ ಎಂದು ನಾವಿಬ್ಬರೂ ನಂಬಿದ್ದೆವಲ್ಲ, ಅದು ಶುದ್ಧ ಸುಳ್ಳು. ತಮಗೆ ಬೇಡದ ಮಾತು ಮಾತ್ರ ಅವರಿಗೆ ಕೇಳಿಸುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲು ಅವರ ಸುದ್ದಿ. ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆದಿದೆ. ಆಸ್ಪತ್ರೆಯಿಂದ ಬಂದ ದಿನ ಸುಸ್ತು, ಮರುದಿನ ನನ್ನ ಜೊತೆ ಜಗಳ, ಅದರ ಮರುದಿನ ಮತ್ತೆ ಆಸ್ಪತ್ರೆ. ಊಟ ಪರವಾಗಿಲ್ಲ. ನೀರಿನದೇ ಕಷ್ಟ. ಜೀವಮಾನವೆಲ್ಲ ಬೆಂಕಿ ಆರಿಸಲು ನೀರಿನ ಪೈಪು ಹಿಡಿದ ಮನುಷ್ಯನಿಗೆ ಲೋಟದ ತಳದಷ್ಟು ನೀರು ಅಳೆದು ಕೊಡುವಾಗ ನನಗೆ ಅವರ ಮುಖ ನೋಡಲಾಗುವುದಿಲ್ಲ. "ಇಷ್ಟೇನಾ?" ಎನ್ನುತ್ತಾರೆ. "ಇಷ್ಟೇ ಅಪ್ಪ" ಎನ್ನುತ್ತೇನೆ. "ಟ್ಯಾಂಕರ್ ಖಾಲಿ ಅನ್ನು" ಎಂದು ನಗುತ್ತಾರೆ. ಆ ನಗುವಿಗಿಂತ ಜಗಳವೇ ವಾಸಿ.

ಇನ್ನು ನನ್ನ ಕೆಲಸ. ನೀನು ಕೇಳಿದ್ದೀಯಲ್ಲ, "ಅಕ್ಕ, ಆ ಅಂಟುವಾಳದ ಕಾಯಿ ಇಟ್ಟುಕೊಂಡು ನಿಜವಾಗಿ ಏನು ಮಾಡ್ತಿದ್ದೀಯ?" ಎಂದು. ಹೇಳುತ್ತೇನೆ. ಕಾಯಿಯ ಸಿಪ್ಪೆ ಕುದಿಸಿ ಸೋಸುತ್ತೇವೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಿಂದ ಸಾರ ತೆಗೆದು ಅದಕ್ಕೆ ಬೆರೆಸುತ್ತೇವೆ. ನೊರೆ ಬೇಗ ಒಡೆಯದಿರಲಿ ಎಂದು ಕಾಳಿನಿಂದ ತೆಗೆದ ಅಂಟನ್ನು ಸೇರಿಸುತ್ತೇವೆ. ಕೇಳಿದರೆ ತಲೆಸ್ನಾನಕ್ಕೆ ತಯಾರಿ ನಡೆಸಿದ ಹಾಗಿದೆ, ಗೊತ್ತು. ಪ್ರಯೋಗಾಲಯದಲ್ಲಿ ಎಲ್ಲರೂ ಹಾಗೇ ನಗುತ್ತಾರೆ. ನನ್ನ ಕೂದಲು, ಬಟ್ಟೆ, ದಿಂಬು ಎಲ್ಲಕ್ಕೂ ಅದೇ ವಾಸನೆ ಹತ್ತಿದೆ. ಆದರೆ ಆ ನೊರೆಯನ್ನು ಮಣ್ಣಿಗೆ ಸುರಿದರೆ ಮಣ್ಣು ಅರಗಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಬೆಂಕಿ ಆರಿಸಲು ನೀವು ದಳದವರು ಬಳಸುವ ಹಳೆಯ ನೊರೆ ಹಾಗಲ್ಲ. ಅದು ಮಣ್ಣಿಗೆ ಹೋದರೆ ಮಣ್ಣಲ್ಲಿ, ನೀರಿಗೆ ಹೋದರೆ ನೀರಲ್ಲಿ, ಮೈಗೆ ಹೋದರೆ ಮೈಯಲ್ಲಿ ಕೂತೇ ಇರುತ್ತದೆ.

ನಮ್ಮ ಕ್ವಾರ್ಟರ್ಸ್ ಹಿಂದಿನ ಮೈದಾನ ನಿನಗೆ ನೆನಪಿರಬೇಕು. ಶನಿವಾರ ವಿಮಾನ ನಿಲ್ದಾಣದ ಅಗ್ನಿಶಾಮಕ ದಳದವರ ತಾಲೀಮು. ಹೊಂಡದಲ್ಲಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವುದು, ಅಪ್ಪ ಮತ್ತು ಅವರ ಜೊತೆಯವರು ನೊರೆ ಹೊಡೆದು ಆರಿಸುವುದು. ಆರಿಸಿದ ಮೇಲೆ ಮಕ್ಕಳೆಲ್ಲ ಆ ನೊರೆಗೆ ಬೀಳುತ್ತಿದ್ದೆವು. ನೀನು ಗಡ್ಡ ಅಂಟಿಸಿಕೊಂಡು ಹೆಡ್‌ಮಾಸ್ತರರ ಹಾಗೆ ನಡೆಯುತ್ತಿದ್ದೆ. ಒದ್ದೆ ಬಟ್ಟೆ ನೋಡಿ ಅಮ್ಮ ಬೈಯುತ್ತಿದ್ದಳೇ ಹೊರತು ಆ ನೊರೆ ಎಲ್ಲಿಗೆ ಹೋಗುತ್ತದೆ ಎಂದು ಅವಳೂ ಕೇಳಲಿಲ್ಲ, ಯಾರೂ ಕೇಳಲಿಲ್ಲ. ಅದು ನಮ್ಮ ಬಾವಿಗೇ ಬರುತ್ತಿತ್ತು. ಅಮ್ಮನ ಮೂತ್ರಪಿಂಡದಲ್ಲಿ ಗಡ್ಡೆಯಾಗಿ ಅವಳು ಹೋದಾಗ ಡಾಕ್ಟರು "ಕೆಲವರಿಗೆ ಹೀಗಾಗುತ್ತೆ" ಎಂದಷ್ಟೇ ಹೇಳಿದ್ದು. ಬಾವಿಗಳಿಗೆ ಮುಚ್ಚಳ ಹಾಕಿಸಿದ್ದು ಅವಳು ಹೋಗಿ ಎಷ್ಟೋ ವರ್ಷದ ಮೇಲೆ. ಅಪ್ಪ ಈ ಮಾತನ್ನು ಒಂದು ಸಲವೂ ಬಾಯಿಬಿಟ್ಟು ಆಡಿಲ್ಲ. ನಾನೂ ಕೆದಕಿಲ್ಲ.

ದೊಡ್ಡ ಪರೀಕ್ಷೆ ನಿಮ್ಮ ತೈಲ ಡಿಪೋದ ಹೊಂಡದಲ್ಲೇ ಎಂದು ತೀರ್ಮಾನವಾಗಿದೆ. ನಿಮ್ಮ ದಳದವರೇ ನೊರೆ ಹೊಡೆಯುವುದು, ವರದಿ ಬರೆಯುವುದು ನೀನು. ಇದು ನನ್ನ ಅಕ್ಕನ ಕೆಲಸ ಎಂದು ನೀನು ಮೊದಲೇ ತಿಳಿಸಿದೆಯಂತೆ, ನಿಮ್ಮ ಮೇಲಿನವರು ಅಡ್ಡಿಯಿಲ್ಲ ಎಂದರಂತೆ. ಒಳ್ಳೆಯದಾಯಿತು. ನನ್ನ ಮುಖ ನೋಡಿ ಬರೆಯಬೇಡ. ಕಂಡದ್ದನ್ನು ಬರೆ.

ನಮ್ಮ ಮುಖ್ಯಸ್ಥರ ವಿಷಯ ಹೇಳಿದ್ದೆನಲ್ಲ. ಏನು ಕೇಳಿದರೂ "ನೋಡೋಣ" ಎನ್ನುತ್ತಾರೆ. ರಜೆ ಕೇಳಿದರೂ ನೋಡೋಣ, ಹೊಸ ಪಾತ್ರೆ ಕೇಳಿದರೂ ನೋಡೋಣ. ಈಗ ಎಲ್ಲರ ಬಾಯಲ್ಲೂ ಅವರು 'ನೋಡೋಣ ಸಾಹೇಬರು'. ಅವರೂ ಬರುತ್ತಾರೆ. ಊಟಕ್ಕೇನಾದರೂ ಏರ್ಪಾಡು ಮಾಡು, ಹಸಿವಾದರೆ ಆ ಮನುಷ್ಯ ಮನುಷ್ಯರಾಗಿರುವುದಿಲ್ಲ.

ಪುಟ್ಟಿಯ ಕೆನ್ನೆಗೆ ನನ್ನದೊಂದು ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ
ಅಕ್ಕ

ಮೇ 19

ತಮ್ಮಾ,

ನಿನ್ನ ಫೋನುಗಳನ್ನು ನಾನು ಎತ್ತಲಿಲ್ಲ. ಒಂದು ಸಲ ಎತ್ತಿದಾಗ ನೀನು, "ಅಕ್ಕ, ವರದಿಯಲ್ಲಿ ನಾನು ಬೇರೆ ಏನ್ ಬರೀಲಿ? ನೀನೇ ಹೇಳು" ಎಂದೆ. ನಾನು ಫೋನ್ ಇಟ್ಟುಬಿಟ್ಟೆ. ಸಿಟ್ಟಿನಿಂದ ಇಟ್ಟೆ ಎಂದು ನೀನು ತಿಳಿದಿರುತ್ತೀಯ. ಸಿಟ್ಟೂ ಇತ್ತು.

ಪರೀಕ್ಷೆಯ ದಿನ ನೀನೂ ಅಲ್ಲೇ ಇದ್ದೆ. ಆದರೂ ನಾನು ನಿಂತ ಕಡೆಯಿಂದ ಅದು ಹೇಗೆ ಕಂಡಿತು ಎಂದು ನಿನಗೊಬ್ಬನಿಗಾದರೂ ಹೇಳಬೇಕು. ಹೇಳದಿದ್ದರೆ ನನಗೆ ಉಳಿಗಾಲವಿಲ್ಲ.

ಹೊಂಡಕ್ಕೆ ಪೆಟ್ರೋಲ್ ಸುರಿದು ಬೆಂಕಿ ಕೊಟ್ಟಾಗ ಆ ಶಾಖಕ್ಕೆ ನಾವೆಲ್ಲ ಹಿಂದೆ ಸರಿದೆವು. ನಿಮ್ಮ ದಳದ ಏಣಿ ಮಾತ್ರ ಪೈಪಿನ ಬಾಯಿ ಹಿಡಿದು ಮುಂದೆ ಹೋದ. ಅಷ್ಟು ಉದ್ದದ ಮನುಷ್ಯನಿಗೆ ಏಣಿ ಎಂದಲ್ಲದೆ ಬೇರೇನು ಹೆಸರಿಡಲು ಸಾಧ್ಯ. ಬೆಳಿಗ್ಗೆ ನನ್ನ ಬಳಿ ಬಂದು, "ಅಕ್ಕಾ, ಇವತ್ತು ಬೆಂಕಿಗೆ ತಲೆಸ್ನಾನ ಮಾಡಿಸಿಬಿಡೋಣ" ಎಂದು ನಗಿಸಿದ್ದ. ನನ್ನ ನೊರೆ ಹೊಂಡದ ಮೇಲೆ ಬಿತ್ತು. ಹಾಲು ಉಕ್ಕಿದ ಹಾಗೆ ಅಂಚಿನಿಂದ ಅಂಚಿಗೆ ಹರಡಿತು. ಜ್ವಾಲೆ ಕುಗ್ಗಿತು, ಮೂಲೆಗೆ ಸೇರಿತು, ಕೊನೆಗೆ ಆರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ನೋಡೋಣ ಸಾಹೇಬರು ನಾನು ಕೆಲಸಕ್ಕೆ ಸೇರಿದಾಗಿನಿಂದ ಮೊದಲ ಸಲ "ನೋಡಿದ್ರಾ!" ಎಂದರು. ಕಣ್ಣೀರು ಬಂತು ನನಗೆ. ಹೊಗೆಗೆ ಎಂದುಕೊಂಡಿರುತ್ತಾರೆ ಜನ.

ಆಮೇಲೆ ಕಾಯುವ ಹೊತ್ತು. ಹೊದಿಕೆ ನಿಲ್ಲಬೇಕು, ಅಷ್ಟೇ ಉಳಿದದ್ದು. ಹಳೆಯ ನೊರೆ ಪೆಟ್ರೋಲಿನ ಮೇಲೆ ಒಂದು ತೆಳು ಪೊರೆ ಹಾಸಿ ಅದರ ಆವಿಯನ್ನು ಒಳಗೇ ಅದುಮಿಡುತ್ತದೆ. ನನ್ನದಕ್ಕೆ ಆ ಪೊರೆಯಿಲ್ಲ. ಗುಳ್ಳೆಗಳ ದಪ್ಪವೇ ಅದರ ಬಲ. ಆ ದಿನ ಬಿಸಿಲು ಎಂಥದು, ಗಾಳಿ ಎಂಥದು, ನಿನಗೇ ಗೊತ್ತು. ಆಚೆ ಮೂಲೆಯಲ್ಲಿ ಗುಳ್ಳೆಗಳು ದೊಡ್ಡದಾಗಿ ಒಡೆಯುತ್ತಿರುವುದು ಕಂಡಿತು. ಬಿಳುಪು ಹೋಗಿ ಹಳದಿಯಾಗುತ್ತಿತ್ತು. ಕೆಳಗಿನ ಪೆಟ್ರೋಲ್ ಇಣುಕುತ್ತಿದೆ ಎಂದು ನನ್ನ ತಲೆಗೆ ಹೋಗುವಷ್ಟರಲ್ಲಿ ಏಣಿ, ಹೊದಿಕೆ ನಿಂತಿದೆಯೇ ಎಂದು ನೋಡಲು ಪರೀಕ್ಷೆಯ ಕ್ರಮದಂತೆ ಉರಿಯುವ ದೊಂದಿ ಹಿಡಿದು ಅಂಚಿಗೆ ಕಾಲಿಟ್ಟಾಗಿತ್ತು.

ಶಬ್ದ ದೊಡ್ಡದೇನಿರಲಿಲ್ಲ. ದೊಡ್ಡ ಬಟ್ಟೆಯೊಂದನ್ನು ಕೊಡವಿದ ಹಾಗೆ, ಅಷ್ಟೇ. ಹೊಂಡವೆಲ್ಲ ಮತ್ತೆ ಬೆಂಕಿ. ಏಣಿಯ ಬೂಟಿನೊಳಕ್ಕೆ ಪೆಟ್ರೋಲ್ ಸೇರಿತ್ತಂತೆ. ಅವನು ಕೂಗಲಿಲ್ಲ, ಕೂಗಿದವನು ನೀನು. "ಹಳೇ ಲೈನ್ ಬಿಡಿ" ಎಂದು ನೀನು ಕೂಗಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಕಾದು ನಿಂತಿದ್ದ ಗಾಡಿಯಿಂದ ಹಳೆಯ ನೊರೆ ಬಂತು. ರೆಪ್ಪೆ ಬಡಿಯುವಷ್ಟರಲ್ಲಿ ಬೆಂಕಿ ಮಲಗಿತು. ನೀನು ಏಣಿಯನ್ನು ಕಂಕುಳಕ್ಕೆ ಕೈಹಾಕಿ ಎಳೆದು ತಂದೆ.

ಅವನನ್ನು ಮಲಗಿಸಿ ಕಾಲಿಗೆ ನೀರು ಸುರಿಯುತ್ತಿದ್ದಾಗ ಆ ಹಳೆಯ ನೊರೆ ಹುಲ್ಲಿನ ಮೇಲೆ ಹರಿದು ಬೇಲಿಯಾಚೆಯ ಕಾಲುವೆಗೆ ಇಳಿಯುತ್ತಿತ್ತು. ಬಟ್ಟೆ ಒಗೆಯುವ ಹೆಂಗಸೊಬ್ಬಳು ಅಲ್ಲಿ ಕೆಳಗೆ ನಿಂತು ಗಲಾಟೆ ಏನೆಂದು ನೋಡುತ್ತಿದ್ದಳು. ನಾನು ಏಣಿಯನ್ನು ನೋಡಬೇಕಾಗಿತ್ತು. ನೋಡಿದೆ. ಆದರೆ ಆ ಕಾಲುವೆಯನ್ನೂ ನೋಡಿದೆ, ತಮ್ಮಾ. ಎರಡನ್ನೂ ಒಟ್ಟಿಗೆ ನೋಡಲು ಎರಡು ಕಣ್ಣು ಸಾಲಲಿಲ್ಲ.

ಹೋದ ವಾರ ಏಣಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಮೊಣಕಾಲಿನ ಕೆಳಗೆ ಎರಡೂ ಕಡೆ ಬ್ಯಾಂಡೇಜು. ನನ್ನನ್ನು ಕಂಡು ಎದ್ದು ಕೂರಲು ನೋಡಿದ. "ಅಕ್ಕಾ, ನಿಮ್ಮ ನೊರೆ ವಾಸನೆ ಮಾತ್ರ ಚೆನ್ನಾಗಿತ್ತು. ಹಳೇದು ಮೂಗಿಗೆ ಹೊಡಿಯುತ್ತೆ" ಎಂದ. ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವನ ಪಾಲಿಗೇ ಬಂತು. ಅವನ ಹೆಂಡತಿ ಕುರ್ಚಿ ಕೊಟ್ಟಳು. ಹೊರಡುವಾಗ ಬಾಗಿಲವರೆಗೆ ಬಂದು, "ಇನ್ಮೇಲೆ ಇವರು ಬೂಟು ಹಾಕೋಹಾಗಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ" ಎಂದಳು. ಅಷ್ಟೇ.

ನಿನ್ನ ವರದಿ ಓದಿದೆ. "ಪೆಟ್ರೋಲ್ ಬೆಂಕಿಗೆ ಈ ನೊರೆ ಯೋಗ್ಯವಲ್ಲ" ಎಂದು ಬರೆದಿದ್ದೀಯ. ಒಂದು ಅಕ್ಷರವೂ ಸುಳ್ಳಲ್ಲ. ಸುಳ್ಳಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ಹೋದರೆ ಅವರಿಗೆ ಹೇಗೂ ಗೊತ್ತಾಗುತ್ತದೆ. "ಅವನು ಹೇಗಿದ್ದಾನೆ?" ಎಂದು ಏಣಿಯ ಬಗ್ಗೆ ಕೇಳಿದರು. ಆಮೇಲೆ ಗೋಡೆ ಕಡೆ ಹೊರಳಿ ಮಲಗಿದರು.

ಸದ್ಯಕ್ಕೆ ಫೋನ್ ಮಾಡಬೇಡ. ನಾನೇ ಮಾಡುತ್ತೇನೆ.

ಅಕ್ಕ

ಸೆಪ್ಟೆಂಬರ್ 8, ಭಾನುವಾರ

ಪ್ರೀತಿಯ ತಮ್ಮನಿಗೆ,

ನಾನೇ ಫೋನ್ ಮಾಡುತ್ತೇನೆ ಎಂದವಳು, ಮಾಡಿದ್ದು ಅಪ್ಪ ಹೋದರು ಎಂದು ಹೇಳಲು. ಅದಕ್ಕೆ ಮೊದಲು ಮಾಡಬೇಕಿತ್ತು. ಕ್ಷಮಿಸು.

ನೀನು ಬಂದೆ, ಹೆಗಲು ಕೊಟ್ಟೆ, ಮರುದಿನವೇ ಹೊರಟೆ. ಮನೆ ತುಂಬ ಜನ. ನೀನು ಆ ಗೋಡೆಗೆ ಒರಗಿದ್ದೆ, ನಾನು ಈ ಗೋಡೆಗೆ. ನಡುವೆ ಬಂದವರೆಲ್ಲ ಅಪ್ಪನ ಗುಣಗಾನ ಮಾಡುತ್ತಿದ್ದರು. ನಾವಿಬ್ಬರೂ ಅವರಿಗೆ ಹೂಂಗುಟ್ಟುತ್ತಿದ್ದೆವೇ ಹೊರತು ಒಬ್ಬರಿಗೊಬ್ಬರು ನಾಲ್ಕು ಮಾತಾಡಲಿಲ್ಲ. ಹೊರಡುವಾಗ ನೀನು ನನ್ನ ತಲೆ ಮೇಲೆ ಕೈಯಿಟ್ಟೆಯಲ್ಲ, ಚಿಕ್ಕವನು ದೊಡ್ಡವಳ ತಲೆ ಮೇಲೆ, ಆಗ ನಾನು ಏನಾದರೂ ಹೇಳಬೇಕಿತ್ತು. ಟ್ಯಾಕ್ಸಿಯವನು ಹಾರ್ನ್ ಮಾಡುತ್ತಿದ್ದ.

ಅವರು ಹೇಗೆ ಹೋದರು ಎಂದು ನೀನು ಸರಿಯಾಗಿ ಕೇಳಿಕೊಂಡಿಲ್ಲ. ಕಷ್ಟವೇನೂ ಪಡಲಿಲ್ಲ. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡರು. "ಇವತ್ತು ಆಸ್ಪತ್ರೆಗೆ ಬೇಡ ಕಣಮ್ಮ, ನಾಳೆ ಹೋಗೋಣ" ಎಂದರು. "ಅದೆಲ್ಲ ಆಗಲ್ಲ ಅಪ್ಪ" ಎಂದು ಗದರಿ ಕಾಫಿ ಮಾಡಲು ಹೋದೆ. ಲೋಟ ತೆಗೆದುಕೊಂಡು ಬಂದಾಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಹಾಗೇ ಇದ್ದರು. ಕೆನ್ನೆಯ ಮೇಲೆ ಒಂದಿಷ್ಟು ಸೋಪು ಉಳಿದಿತ್ತು. ಅದನ್ನು ಒರೆಸಿದ ಮೇಲೆ ಪಕ್ಕದ ಮನೆಯವರನ್ನು ಕರೆದೆ.

ಅವರ ಕೋಣೆ ಖಾಲಿ ಮಾಡಿದೆ. ಬಟ್ಟೆಗಳನ್ನು ಆಸ್ಪತ್ರೆಯ ವಾರ್ಡ್‌ನವರಿಗೆ ಕೊಟ್ಟೆ. ಕೈಗಡಿಯಾರ ನಿನಗೆ, ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು. ಈಗ ಬೆಳಿಗ್ಗೆ ಎದ್ದರೆ ನೀರು ಅಳೆಯುವ ಕೆಲಸವಿಲ್ಲ. ಕೊಡ ತುಂಬ ನೀರಿದೆ, ಯಾರು ಎಷ್ಟು ಬೇಕಾದರೂ ಕುಡಿಯಬಹುದು. ಒಬ್ಬಳೇ ಮನೆಯಲ್ಲಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತುಬಿಡುತ್ತೇನೆ.

ಪ್ರಯೋಗಾಲಯದ ಸುದ್ದಿ ನಿನ್ನ ಕಿವಿಗೂ ಬಿದ್ದಿರಬೇಕು. ಮರ, ಕಾಗದ, ಹುಲ್ಲಿನ ಬೆಂಕಿಗೆ ನನ್ನ ನೊರೆ ಆಗುತ್ತದೆ ಎಂದು ಒಪ್ಪಿಗೆ ಸಿಕ್ಕಿತು. ಪೆಟ್ರೋಲಿನ ಕೆಲಸವನ್ನು ನಿಲ್ಲಿಸಿದ್ದಾರೆ. ನನ್ನ ಜೊತೆಗಿದ್ದ ಇಬ್ಬರನ್ನು ಬಟ್ಟೆ ಸೋಪಿನ ವಿಭಾಗಕ್ಕೆ ಹಾಕಿದರು. "ಮತ್ತೆ ಯಾವಾಗ ಶುರು ಮಾಡೋದು ಸಾರ್?" ಎಂದು ಕೇಳಿದೆ. ನೋಡೋಣ ಸಾಹೇಬರು ಏನು ಹೇಳಿದರು ಎಂದು ಬರೆಯಬೇಕಾಗಿಲ್ಲ. ಆದರೆ ಆ ಸಲ ಅವರ ಮುಖ ಕೆಳಗಿತ್ತು. ಆಮೇಲೆ, "ನಿಮ್ಮ ಕೆಲಸ ಮುಗಿಸಿ, ಉಳಿದ ಹೊತ್ತಲ್ಲಿ ನೀವೊಬ್ಬರೇ ಮಾಡ್ಕೊಂಡ್ರೆ ನಾನು ಕೇಳಲ್ಲ" ಎಂದರು. ಒಳ್ಳೆಯ ಮನುಷ್ಯ, ಪಾಪ. ಹಾಗಾಗಿ ಸಂಜೆ ಹೊತ್ತು ಒಬ್ಬಳೇ ಸಿಪ್ಪೆ ಕುದಿಸುತ್ತೇನೆ. ಗುಳ್ಳೆ ಇನ್ನಷ್ಟು ಸಣ್ಣದಾಗಬೇಕು, ಒಳಗೆ ಹಿಡಿದ ನೀರನ್ನು ಬೇಗ ಬಿಡಬಾರದು. ಒಂದು ದಿನ ಆಗುತ್ತದೆ ಅನ್ನಿಸುತ್ತದೆ, ನಾಲ್ಕು ದಿನ ಆಗುವುದಿಲ್ಲ ಅನ್ನಿಸುತ್ತದೆ.

ಕಳೆದ ತಿಂಗಳು ಇಲ್ಲಿ ಪೀಠೋಪಕರಣದ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಊರಿನ ಅಗ್ನಿಶಾಮಕ ದಳದವರು ನನ್ನ ನೊರೆಯನ್ನೇ ಬಳಸಿದರು. ಬೆಂಕಿ ಆರಿತು, ಯಾರಿಗೂ ಏನೂ ಆಗಲಿಲ್ಲ. ಅವರ ಅಧಿಕಾರಿ ತಾವಾಗಿ ಫೋನ್ ಮಾಡಿ, "ಮೇಡಂ, ಕೆಲಸ ಮಾಡ್ತು" ಎಂದರು. ಮರುದಿನ ಗೋದಾಮಿನ ಹಿಂದಿನ ಚರಂಡಿ ನೋಡಲು ಹೋಗಿದ್ದೆ. ಕಪ್ಪೆಗಳು ಕೂತಿದ್ದವು. ಆರಾಮಾಗಿ ವಟಗುಟ್ಟುತ್ತಿದ್ದವು. ಇಷ್ಟು ವರ್ಷ ಈ ದಿನಕ್ಕಾಗಿಯೇ ಕಾದಿದ್ದೆ. ಅಲ್ಲಿ ನಿಂತಾಗ ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋಗಿ ಯಾರಿಗೆ ಹೇಳಲಿ ಎಂದಷ್ಟೇ ಯೋಚನೆ ಬಂತು.

ಏಣಿಯನ್ನು ಕಂಟ್ರೋಲ್ ರೂಮಿಗೆ ಹಾಕಿದ್ದೀಯ ಎಂದು ಕೇಳಿದೆ. ಅವನು ಅಲ್ಲಿ ಚಪ್ಪಲಿ ಹಾಕಿಕೊಂಡು ಫೋನ್ ಎತ್ತುವುದು ಕಣ್ಣ ಮುಂದೆಯೇ ಬರುತ್ತದೆ. ಅವನಿಗೆ ನನ್ನ ನಮಸ್ಕಾರ ಹೇಳು. ಅವನ ಹೆಂಡತಿಗೆ ಏನೂ ಹೇಳಬೇಡ, ನಾನೇ ಒಂದು ದಿನ ಹೋಗುತ್ತೇನೆ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಇತ್ತು, ಈಗಿಲ್ಲ. ನಾನು ನಿನ್ನ ಜಾಗದಲ್ಲಿದ್ದಿದ್ದರೆ ಅದನ್ನೇ ಬರೆಯುತ್ತಿದ್ದೆ, ಮತ್ತು ನಿನ್ನಷ್ಟು ಮರ್ಯಾದೆಯಿಂದ ಬರೆಯುತ್ತಿರಲಿಲ್ಲ. ಒಂದು ಮಾತು ಮಾತ್ರ ನಡೆಸಿಕೊಡು. ನೀನೂ ನಿನ್ನ ದಳದವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ತಾಲೀಮಿನ ಬಟ್ಟೆಯನ್ನು ಮನೆಗೆ ತರಬೇಡ, ಪುಟ್ಟಿಯ ಬಟ್ಟೆಯ ಜೊತೆ ಒಗೆಯಲು ಹಾಕಬೇಡ. ನಾನು ಹೇಳಿದೆ ಎಂದು ನಿನ್ನ ಹೆಂಡತಿಗೆ ಹೇಳು, ಅವಳು ನಿನಗಿಂತ ಮಾತು ಕೇಳುತ್ತಾಳೆ.

ಬೆಂಕಿಯ ಎದುರು ನಿಂತಾಗೆಲ್ಲ ಗಾಳಿ ನಿನ್ನ ಬೆನ್ನಿಗಿರಲಿ. ಹೋದ ಕಡೆಯಿಂದೆಲ್ಲ ಮನೆಗೆ ಬಾ. ಪುಟ್ಟಿ ನಿನ್ನ ಹೆಗಲೆತ್ತರಕ್ಕೆ ಬೆಳೆಯುವುದನ್ನು ನೀನು ನೋಡುವಂತಾಗಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಒಂದು ಮಾತು ಮೇಲೆ ಬರೆಯಲು ಆಗಲಿಲ್ಲ.

ಅಪ್ಪ ಹೋಗುವ ಹಿಂದಿನ ವಾರ ಡಯಾಲಿಸಿಸ್ ಮುಗಿಸಿ ಆಸ್ಪತ್ರೆಯ ಮುಂದಿನ ಬೆಂಚಿನ ಮೇಲೆ ಟ್ಯಾಕ್ಸಿಗೆ ಕಾಯುತ್ತಾ ಕೂತಿದ್ದೆವು. ಅವರು ಹಗುರವಾಗಿದ್ದರು. ಅದನ್ನು ನೋಡಿ ನನಗೆ ಧೈರ್ಯ ಬಂತು. "ಅಪ್ಪ, ನೀವು ಈಗಲೂ ಕೆಲಸದಲ್ಲಿದ್ದೀರಿ ಅಂದ್ಕೊಳ್ಳಿ. ಎದುರಿಗೆ ಪೆಟ್ರೋಲ್ ಬೆಂಕಿ. ಒಂದು ಕಡೆ ಹಳೇ ನೊರೆ ಇದೆ, ಒಂದು ಕಡೆ ನನ್ನದು. ಅಮ್ಮಂದು, ನಿಮ್ಮದು, ಎಲ್ಲಾ ಗೊತ್ತಿದ್ದೂ ಯಾವುದು ತಗೋತೀರಿ?" ಎಂದು ಕೇಳಿದೆ. ಅಮ್ಮನ ಹೆಸರನ್ನು ಆ ವಿಷಯದ ಜೊತೆ ಸೇರಿಸಿ ನಮ್ಮಿಬ್ಬರಲ್ಲಿ ಯಾರಾದರೂ ಆಡಿದ್ದು ಅದೇ ಮೊದಲು.

ಅವರು ತೋಳಿನ ಬ್ಯಾಂಡೇಜು ಸವರಿಕೊಂಡರು. ಆಮೇಲೆ, "ಒಳಗೆ ಜನ ಇದ್ದಾರಾ?" ಎಂದು ಕೇಳಿದರು.

"ಇದ್ದಾರೆ" ಎಂದೆ.

"ಹಾಗಾದ್ರೆ ಹಳೇದು ಕಣಮ್ಮ" ಎಂದರು.

ನಾನು ಸರಿ ಎಂದೆ. ಅಷ್ಟರಲ್ಲಿ ಟ್ಯಾಕ್ಸಿ ಬಂತು. ಮನೆಯವರೆಗೂ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು.

ಅವರು ಹೇಳಿದ್ದು ಸರಿ. ನೀನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಏಣಿಯೂ ಅದನ್ನೇ ಹೇಳುತ್ತಾನೆ. ಅದರ ಬಗ್ಗೆ ನನಗೆ ಸಂಕಟವಿಲ್ಲ. ಉತ್ತರ ಕೊಡುವ ಮೊದಲು ಅವರು ನನ್ನನ್ನು ಆ ಪ್ರಶ್ನೆ ಯಾಕೆ ಕೇಳಿದರು ಎಂದು ಈಗ ದಿನಾ ಯೋಚಿಸುತ್ತೇನೆ. ಮಗಳ ನೊರೆಯನ್ನೇ ಹಿಡಿಯುತ್ತೇನೆ ಎನ್ನಲು ಅವರಿಗೆ ಒಂದು ದಾರಿ ಬೇಕಿತ್ತು, ತಮ್ಮಾ. "ಯಾರೂ ಇಲ್ಲ ಅಪ್ಪ" ಎಂದಿದ್ದರೆ ಸಾಕಾಗಿತ್ತು. ನಾನು ಇದ್ದಾರೆ ಎಂದುಬಿಟ್ಟೆ.